ಅರುವತ್ತರ ಮೇಲೆ ಅಕ್ಷರಾಭ್ಯಾಸ

ಅರುವತ್ತು ಕಳೆದ ಮೇಲೆ ಅಕ್ಷರಾಭ್ಯಾಸಕ್ಕೆ ಕುಳಿತವರನ್ನು ವಾಚಕ ಮಹಾಶಯರು ಹೆಚ್ಚಾಗಿ ಕಂಡಿರಲಾರರು. ಮಂಡ್ಯದಲ್ಲಿ ಬಹುಕಾಲ ಹುಡುಗರಿಗೆ ಸಂಸ್ಕೃತ ಪಾಠ ಹೇಳಿ ವಿಶ್ರಾಂತರಾದ ನಾವು ಕಳೆದ ವರ್ಷ ಹಾಗೆ ಕುಳಿತೆವು. ಅದಕ್ಕೆ ಕಾರಣ ನಮ್ಮ ಅಕ್ಕನ ಒಂದು ಹಳೆಯ ಪುಸ್ತಕ.

ಅಕ್ಕನನ್ನು ಕೊಟ್ಟದ್ದು ಮಳವಳ್ಳಿಗೆ. ಮದುವೆಗೆ ಮೊದಲು ಆಕೆ ಸಂಗೀತ ಕಲಿಯುತ್ತಿದ್ದಳು. ನಮ್ಮನ್ನು ಮೈಸೂರಿಗೆ ಓದಲು ಕಳುಹಿಸಬೇಕಾಗಿ ಬಂದಾಗ ಮನೆಯಲ್ಲಿ ಎರಡು ಖರ್ಚಿಗೆ ಅನುಕೂಲವಿರಲಿಲ್ಲ. ಆಕೆಯ ಪಾಠ ನಿಂತಿತು. ಕಲಿತಷ್ಟನ್ನು ಸ್ವರಹಾಕಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಳು. ರಜೆಯಲ್ಲಿ ಬಂದ ನಾವು ಆ ಚುಕ್ಕೆ, ಗೆರೆ, ಅಲ್ಪವಿರಾಮಗಳನ್ನು ನೋಡಿ, "ಇದೇನಕ್ಕ, ಅಂಗಡಿಯ ಲೆಕ್ಕವೆ?" ಎಂದು ನಕ್ಕಿದ್ದೆವು. ಆಕೆಯೂ ನಕ್ಕಿದ್ದಳು.

ಈಗ ಗಂಟಲಿನ ಬೇನೆಯಿಂದ ಆಕೆಯ ಕಂಠವು ಪಿಸುಮಾತಿಗಿಳಿದಿದೆ. ಒಂದು ದಿನ ಪುಸ್ತಕವನ್ನು ನಮ್ಮ ಕೈಗಿತ್ತು, "ಓದುವವರು ಯಾರೂ ಇಲ್ಲ ಕಣೋ, ನೀನೇ ಇಟ್ಟುಕೋ" ಎಂದಳು. ಇಟ್ಟುಕೊಂಡರೆ ಸಾಲದೆಂದು ನಮಗೆ ತೋರಿತು.

ಮದ್ದೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ವಿದುಷಿಯೊಬ್ಬರು ಒಂದು ಕಾಲದಲ್ಲಿ ನಮ್ಮ ಶಿಷ್ಯೆ. ಭಾನುವಾರಗಳಂದು ರೈಲಿನಲ್ಲಿ ಅಲ್ಲಿಗೆ ಹೋಗಿ, ಎಂಟು ವರ್ಷದ ಮಕ್ಕಳ ಸಾಲಿನಲ್ಲಿ ಕುಳಿತೆವು. ಪುರಂದರದಾಸರು ಏರ್ಪಡಿಸಿದರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳದ ಸರಳೆವರಸೆಯಿಂದಲೇ ಆರಂಭ.

ವೇದದ ಅನುದಾತ್ತ ಸ್ವರಿತಗಳ ಗೆರೆಗಳನ್ನು ಬಲ್ಲವರಿಗೆ ಇದೆಷ್ಟರ ಮಾತೆಂಬ ಗರ್ವ ನಮಗಿತ್ತು. ಮೊದಮೊದಲು ಅದಕ್ಕೆ ಪುಷ್ಟಿಯೂ ದೊರೆಯಿತು. 'ಸ' ಎಂದರೆ ಒಂದು ಅಕ್ಷರಕಾಲ, 'ಸಾ' ಎಂದರೆ ಎರಡು, ಛಂದಸ್ಸಿನ ಹ್ರಸ್ವದೀರ್ಘಗಳಂತೆಯೇ. ಅಲ್ಪವಿರಾಮವು ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೆಯುತ್ತದೆ, ಅರ್ಧವಿರಾಮವು ಎರಡು. ಮೇಲೆ ಚುಕ್ಕೆಯಿದ್ದರೆ ತಾರಸ್ಥಾಯಿ, ಕೆಳಗಿದ್ದರೆ ಮಂದ್ರ. ಸ್ವರಗಳ ತಲೆಯ ಮೇಲೆ ಗೆರೆ ಎಳೆದಿದ್ದರೆ ವೇಗ ಇಮ್ಮಡಿ.

ಎಡವಿದ್ದು ತಾಳದಲ್ಲಿ. ಛಂದಸ್ಸಿನ ಲಘುವಿಗೆ ಒಂದೇ ಮಾತ್ರೆ; ಆದಿತಾಳದ ಲಘುವಿಗೆ ನಾಲ್ಕು ಅಕ್ಷರಕಾಲ, ಅಂದರೆ ಒಂದು ಘಾತ, ಮೂರು ಬೆರಳೆಣಿಕೆ. ಆಮೇಲೆ ಎರಡು ದ್ರುತಗಳು. ಪ್ರತಿಯೊಂದಕ್ಕೂ ಒಂದು ಘಾತ, ಒಂದು ಹುಸಿ. ಒಟ್ಟು ಎಂಟು. ಹಳೆಯ ಅಭ್ಯಾಸಬಲದಿಂದ ನಾವು ಲಘುವನ್ನು ಒಂದೇ ಏಟಿಗೆ ಮುಗಿಸಿ ದ್ರುತಕ್ಕೆ ಬಂದಾಗ ಮಕ್ಕಳು ಇನ್ನೂ ಕಿರುಬೆರಳಿನಲ್ಲಿದ್ದರು. ನಗು ತಡೆಯದಾಯಿತು. ವಿದುಷಿಯರು ಮಾತ್ರ ನಗದೆ, "ಮೇಷ್ಟರೇ, ಇಲ್ಲಿ ಛಂದಸ್ಸನ್ನು ಸ್ವಲ್ಪ ಮರೆಯಬೇಕು" ಎಂದರು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ ಎಷ್ಟು ಹುಡುಗರನ್ನು ನಾವು ಗದರಿಸಿದ್ದೆವೆಂಬುದು ಅಂದು ನೆನಪಾಗಿ ನಾಚಿದೆವು.

ಹನ್ನೊಂದು ತಿಂಗಳು ಕಳೆದವು. ಮದ್ದೂರಿನಿಂದ ಮಳವಳ್ಳಿಯ ಬಸ್ಸಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಹೋದೆವು. ಪಕ್ಕದಲ್ಲಿದ್ದ ರೈತರು, "ಯಾರು ಎಷ್ಟು ಬಾಕಿ ಕೊಡಬೇಕು ಸ್ವಾಮಿ?" ಎಂದು ಕೇಳಿದರು. ಬಾಕಿ ಕೊಡಬೇಕಾದವರು ನಾವೇ ಆಗಿದ್ದೆವು.

ಅಕ್ಕನ ಮುಂದೆ ಕುಳಿತು ಪುಸ್ತಕದಲ್ಲಿದ್ದ ತೋಡಿರಾಗದ ದೇವರನಾಮವೊಂದನ್ನು ಸ್ವರ ನೋಡಿ ಹಾಡಿದೆವು. ಒಂದಕ್ಷರವೂ ತಪ್ಪಲಿಲ್ಲ. ಆದರೂ ಆಕೆ ಕೈಯೆತ್ತಿ ನಿಲ್ಲಿಸಿದಳು. "ಅಕ್ಷರ ಸರಿ. ತೋಡಿ ಬರಲಿಲ್ಲ" ಎಂದು ಪಿಸುಗುಟ್ಟಿ, ಗಾಂಧಾರ ಬಂದೆಡೆ ತೋರುಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ತೂಗಿದಳು. ತೋಡಿಯ ಗಾಂಧಾರವು ಕಂಪಿಸಬೇಕು; ಪುಸ್ತಕದಲ್ಲಿದ್ದುದು ಬರಿಯ 'ಗ'. ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ೧೯೦೪ರಲ್ಲಿ ಪ್ರಕಟಿಸಿದ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಗಮಕಗಳಿಗೆ ಬೇರೆಬೇರೆ ಚಿಹ್ನೆಗಳುಂಟು. ಅಕ್ಕನಂತಹವರ ಪುಸ್ತಕಗಳಲ್ಲಿ ಅವಿಲ್ಲ. ಅವು ಬರೆದವರ ಕಿವಿಯಲ್ಲಿವೆ.

ಅಂದಿನಿಂದ ಆಕೆಯ ಬೆರಳು ನೋಡಿಕೊಂಡು ಹಾಡುತ್ತಿದ್ದೇವೆ. ಬೇಕಾದೆಡೆ ಸೀಸದಕಡ್ಡಿಯಿಂದ ಅಲೆಗೆರೆ ಎಳೆಯುತ್ತಿದ್ದೇವೆ. ಮೂರು ಹಾಡುಗಳು ಮುಗಿದಿವೆ, ಹತ್ತೊಂಬತ್ತು ಉಳಿದಿವೆ. ನಿಮ್ಮ ಮನೆಯಲ್ಲೂ ಇಂತಹ ಪುಸ್ತಕವಿದ್ದರೆ, ಬರೆದವರು ಇರುವಾಗಲೇ ಬಿಡಿಸಿರಿ.