ಮೂಲಪ್ರತಿ ಶಿವಾಜಿನಗರದಲ್ಲಿ

ಗ್ರಂಥಸಂಪಾದನೆಯನ್ನು ಪಾಠ ಹೇಳುವ ಅಧ್ಯಾಪಕನೊಬ್ಬ ತನ್ನ ಪಾಸ್‌ಪೋರ್ಟಿನ ನಕಲುಗಳನ್ನು ಜೋಪಾನವಾಗಿ ಮನೆಗೆ ತಂದು, ಮೂಲವನ್ನು ಜೆರಾಕ್ಸ್ ಯಂತ್ರದ ಮುಚ್ಚಳದಡಿಯಲ್ಲೇ ಬಿಟ್ಟು ಬಂದನೆಂದರೆ ವಿದ್ಯಾರ್ಥಿಗಳು ನಗದೆ ಇರಲಾರರು. ಆ ನಗೆಗೆ ಅಂಜಿ ಇಷ್ಟು ದಿನ ಈ ಸಂಗತಿಯನ್ನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ.

2024ರ ಜೂನ್ ತಿಂಗಳು. ಮಗಳಿಗೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಉದ್ಯೋಗ. ಅವಳ ಚೊಚ್ಚಲ ಹೆರಿಗೆಗೆ ಮೂರು ವಾರ ಉಳಿದಿತ್ತು. ಬಾಣಂತನಕ್ಕೆ ನನ್ನ ಪತ್ನಿ ಹೋಗಲೇಬೇಕು. ಕೆ.ಆರ್. ಪುರದಿಂದ ಮೆಜೆಸ್ಟಿಕ್‌ಗೆ ಒಬ್ಬಳೇ ಹೋಗಲೂ ಹಿಂಜರಿಯುವ ಅವಳು, ನಾನಿಲ್ಲದೆ ವಿಮಾನ ಹತ್ತುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದಳು. ನನಗೂ ಒಂದು ಒಳ ಆಸೆಯಿತ್ತು. ಕಾರ್ಲ್ಸ್‌ರೂಹೆಯಿಂದ ರೈನ್ ನದಿಯನ್ನು ದಾಟಿ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಆ ನಗರ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿ ಪ್ರಾಧ್ಯಾಪಕರಾಗಿದ್ದ ಅರ್ನ್ಸ್ಟ್ ಲಾಯ್ಮಾನ್ ಅವರು ಜೈನ ಹಸ್ತಪ್ರತಿಗಳ ದೊಡ್ಡ ಸಂಗ್ರಹವೊಂದನ್ನು ಕಟ್ಟಿದರು. ಅದರಲ್ಲಿನ ದಿಗಂಬರ ಹಸ್ತಪ್ರತಿಗಳ ಪಟ್ಟಿಯನ್ನು 1897ರಲ್ಲಿ ಪ್ರಕಟಿಸಿದರು. ಚಂದ್ರಭಾಲ್ ತ್ರಿಪಾಠಿಯವರು ಸಿದ್ಧಪಡಿಸಿದ ಸೂಚಿ 1975ರಲ್ಲಿ ಹೊರಬಂದಿತು. ಕನ್ನಡ ಲಿಪಿಯ ಓಲೆಗಳೂ ಅಲ್ಲಿವೆ. ಸೂಚಿಯ ಪುಟಗಳಲ್ಲಿ ಮಾತ್ರ ಕಂಡಿದ್ದ ಆ ಗರಿಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಹಂಬಲವನ್ನು ಪತ್ನಿಗೆ ತಿಳಿಸಿರಲಿಲ್ಲ.

ಹೊರಡುವ ಮೊದಲಿನ ಸಣ್ಣ ವಿಘ್ನಗಳನ್ನು ವಿಸ್ತರಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ನನ್ನ ಹೆಸರಿನ ಮುಂದಿರುವ ಎರಡು ಅಕ್ಷರಗಳಲ್ಲಿ ಒಂದು ಊರಿನದು, ಇನ್ನೊಂದು ತಂದೆಯದು. ಉಪನಾಮವೆಂಬುದೇ ಇಲ್ಲದ ನಮಗೆ ಅರ್ಜಿಯ ಅಂಕಣ ಅದನ್ನು ಕೇಳಿತು. ಪರಿಣಾಮವಾಗಿ ದಾಖಲೆಗಳಲ್ಲಿ ನಾನು ನಮ್ಮ ಊರಾದೆ, ಪತ್ನಿ ನನ್ನ ಹೆಸರಾದಳು, ಮಗಳು ಅವಳ ಮಾವನವರ ಹೆಸರಾದಳು. ಮೂವರೂ ಒಂದೇ ಸಂಸಾರದವರೆಂದು ಸಾಧಿಸಲು ಮದುವೆಯ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ, ಅವುಗಳ ಅನುವಾದ, ಎಲ್ಲಕ್ಕೂ ಮೂರು ಮೂರು ನಕಲು. ಜೆರಾಕ್ಸ್ ಅಂಗಡಿಗೆ ಹೋಗುವ ಪ್ರಸಂಗ ಬಂದುದು ಹೀಗೆ.

ಶನಿವಾರ ಸಂಜೆ ಸೂಟ್‌ಕೇಸು ಕೊಳ್ಳಲೆಂದು ಕಮರ್ಷಿಯಲ್ ಸ್ಟ್ರೀಟಿಗೆ ಹೋದವನು, ಅಲ್ಲಿಂದ ನಡೆದು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನ ಗಲ್ಲಿಗಳಿಗೆ ಬಂದೆ. ಹಿಂದೆ ಬ್ಲ್ಯಾಕ್‌ಪಲ್ಲಿ ಎಂದು ಕರೆಸಿಕೊಳ್ಳುತ್ತಿದ್ದ ಈ ಬಡಾವಣೆಯಲ್ಲಿ ಒಂದು ಗಲ್ಲಿ ಇನ್ನೊಂದರಂತೆಯೇ ಕಾಣುತ್ತದೆ. ಮೊದಲ ಅಂಗಡಿಯಲ್ಲಿ ಅರ್ಧ ಕೆಲಸವಾಗುವಷ್ಟರಲ್ಲಿ ಕರೆಂಟು ಹೋಯಿತು. ಉಳಿದುದನ್ನು ಜನರೇಟರ್ ಇದ್ದ ಮತ್ತೊಂದು ಅಂಗಡಿಯಲ್ಲಿ ಮಾಡಿಸಿದೆ. ಕೊನೆಯ ಹಾಳೆ ಹೊರಬರುವ ಹೊತ್ತಿಗೆ ಮಗಳ ಫೋನು. ಮಾತನಾಡುತ್ತಲೇ ಹಾಳೆಗಳನ್ನು ಎಣಿಸಿದೆ, ಹಣ ಕೊಟ್ಟೆ, ಸೂಟ್‌ಕೇಸು ಉರುಳಿಸಿಕೊಂಡು ಹೊರಟೆ.

ಭಾನುವಾರ ರಾತ್ರಿ ಒಂಬತ್ತಕ್ಕೆ ಪತ್ನಿ ಕಡತ ಬಿಚ್ಚಿ, “ರೀ, ಇದರಲ್ಲಿ ಬರೀ ನಕಲೇ ಇದೆಯಲ್ಲ, ನಿಮ್ಮ ಪುಸ್ತಕ ಎಲ್ಲಿ?” ಎಂದು ಕೇಳಿದಾಗ ನನಗೆ ಕೈಕಾಲು ತಣ್ಣಗಾದವು. ಸೋಮವಾರ ನಡುರಾತ್ರಿಯ ಹೊತ್ತಿಗೆ ದೇವನಹಳ್ಳಿಯಲ್ಲಿರಬೇಕು. ಹೊಸ ಪಾಸ್‌ಪೋರ್ಟನ್ನು ಹೇಗೋ ಬೇಗ ಪಡೆದರೂ ವೀಸಾ ಅಂಟಿಸಿರುವುದು ಹಳೆಯದರಲ್ಲಿ. ಅದಕ್ಕೆ ಮತ್ತೆ ವಾರಗಟ್ಟಲೆ ಕಾಯಬೇಕು. ಮೆಟ್ರೊ ಹಿಡಿದು ಎಂ.ಜಿ. ರಸ್ತೆಗೆ, ಅಲ್ಲಿಂದ ಆಟೋದಲ್ಲಿ ಶಿವಾಜಿನಗರಕ್ಕೆ ಓಡಿದೆ. ಕಬಾಬಿನ ಒಲೆಗಳು ಉರಿಯುತ್ತಿದ್ದವು, ಜನ ಕಿಕ್ಕಿರಿದಿದ್ದರು. ಆದರೆ ಜೆರಾಕ್ಸ್ ಅಂಗಡಿಗಳ ಬಾಗಿಲೆಲ್ಲ ಇಳಿದಿದ್ದವು. ಯಾವ ಬಾಗಿಲ ಮುಂದೆ ನಿಂತರೂ ಇದೇ ಇರಬಹುದೆನಿಸುತ್ತಿತ್ತು.

ಮನೆಗೆ ಮರಳಿದಾಗ ಪತ್ನಿ ಊಟದ ಮೇಜಿನ ಮುಂದೆ ಕುಳಿತು ಚೀಟಿಯೊಂದರಲ್ಲಿ ಏನನ್ನೋ ಬರೆಯುತ್ತಿದ್ದಳು. ನಡುವೆ ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿ ಯಾವ ಫಲಕ ನೋಡಬೇಕು, ಯಾರನ್ನು ಏನೆಂದು ಕೇಳಬೇಕು ಎಂಬುದನ್ನು ಅಳಿಯನಿಂದ ಫೋನಿನಲ್ಲಿ ಕೇಳಿ, ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಇಳಿಸಿಕೊಳ್ಳುತ್ತಿದ್ದಳು. ನನ್ನತ್ತ ನೋಡದೆಯೇ, “ನೀವು ಬರಲಾಗದಿದ್ದರೂ ನಾನು ಹೋಗುತ್ತೇನೆ” ಎಂದಳು. ಅವಳು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಿದ್ದೆ ಬರಲಿಲ್ಲ. ಬೇರೇನೂ ತೋಚದೆ ನಕಲುಗಳನ್ನು ದೀಪದ ಕೆಳಗೆ ಹರಡಿದೆ. ಆಗ ಕಂಡಿತು: ಅರ್ಧದಷ್ಟು ಹಾಳೆಗಳ ಎಡಬದಿಯಲ್ಲಿ, ಅಂಚಿನಿಂದ ಹೆಬ್ಬೆರಳಗಲ ಒಳಗೆ, ಕೂದಲೆಳೆಯಂತಹ ಕಪ್ಪು ಗೆರೆ. ಮೂರನೆಯ ಒಂದು ಭಾಗಕ್ಕೆ ಬಂದಾಗ ಅದು ತುಂಡಾಗಿ ಮತ್ತೆ ಮುಂದುವರಿಯುತ್ತದೆ. ಮಿಕ್ಕ ಹಾಳೆಗಳಲ್ಲಿ ಗೆರೆಯಿಲ್ಲ. ಗೆರೆಯಿದ್ದ ಹಾಳೆಗಳಲ್ಲಿ ಕೊನೆಯದು ವೀಸಾ ಪುಟದ ನಕಲು. ಯಂತ್ರದ ಗಾಜಿನ ಮೇಲೊಂದು ಗೀರು ಇದ್ದಿರಬೇಕು. ಎರಡು ಹಸ್ತಪ್ರತಿಗಳು ಒಂದೇ ಕಡೆ ಒಂದೇ ಬಗೆಯಲ್ಲಿ ತಪ್ಪಿದ್ದರೆ ಅವು ಒಂದೇ ಮಾತೃಕೆಯಿಂದ ಬಂದವು. ಸರಿಯಾದ ಪಾಠಕ್ಕಿಂತ ಸ್ಖಾಲಿತ್ಯವೇ ಪ್ರತಿಗಳ ನೆಂಟಸ್ತಿಕೆಯನ್ನು ಹೆಚ್ಚು ಖಚಿತವಾಗಿ ಹೇಳುತ್ತದೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಮುಂದಿಟ್ಟುಕೊಂಡು ಇಪ್ಪತ್ತೈದು ವರ್ಷ ಈ ಸೂತ್ರವನ್ನು ಹೇಳಿದ್ದೆ. ನನ್ನ ಸ್ವಂತ ಕೆಲಸಕ್ಕೆ ಅದು ಒದಗಿದ್ದು ಅಂದೇ ಮೊದಲು.

ಆ ರಾತ್ರಿ ಮೂಡುಬಿದಿರೆಯ ಧವಲಾ ಓಲೆಗಳು ನೆನಪಾದವು. ಹಳಗನ್ನಡ ಲಿಪಿಯಲ್ಲಿದ್ದ ಆ ಪ್ರತಿಗಳನ್ನು ಯಾತ್ರಿಕರು ದೂರದಿಂದ ಕಂಡು ಕೈಮುಗಿಯುತ್ತಿದ್ದರು, ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಕಲಿಸುವ ಕೆಲಸ ತೊಡಗಿದಾಗ, ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಸಿದ್ಧಪಡಿಸಿದರು. ಅದು ಉತ್ತರದ ಸಹಾರನ್‌ಪುರವನ್ನು ಸೇರಿತು. ಅಲ್ಲಿಂದ ಹೊರಟ ಪ್ರತಿಗಳ ಪ್ರತಿಗಳನ್ನು ಆಧರಿಸಿ ಹೀರಾಲಾಲ್ ಜೈನರು ಮೊದಲ ಸಂಪುಟವನ್ನು 1939ರಲ್ಲಿ ಹೊರತಂದರು. ಓಲೆಗಳೊಡನೆ ಹೋಲಿಸುವ ಅವಕಾಶ ದೊರೆತದ್ದು ಆಮೇಲೆ. ನಕಲು ಊರೂರು ತಿರುಗಿತು, ಮೂಲ ಕದಲಲಿಲ್ಲ. ಸಂಶೋಧಕನಾಗಿ ನಾನು ಯಾವಾಗಲೂ ನಕಲುಗಾರರ ಪಕ್ಷ. ಆದರೆ ವಿಮಾನ ನಿಲ್ದಾಣದಲ್ಲಿ ಆ ಪಕ್ಷ ನಡೆಯುವುದಿಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿಗಳು ತೆರೆಯುವ ಮೊದಲೇ ಗಲ್ಲಿಯಲ್ಲಿದ್ದೆ. ಪಾಸ್‌ಪೋರ್ಟ್ ಎಂಬ ಮಾತನ್ನೇ ಎತ್ತಲಿಲ್ಲ. ಒಂದು ಬಿಳಿ ಹಾಳೆ ಕೊಟ್ಟು, “ಇದರದೊಂದು ನಕಲು ಕೊಡಿ” ಎಂದೆ. ಖಾಲಿ ಹಾಳೆಗೆ ನಕಲು ಕೇಳುವವನನ್ನು ಮೊದಲ ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ. ಅಲ್ಲಿ ಗೆರೆ ಬರಲಿಲ್ಲ. ಎರಡನೆಯದರಲ್ಲಿ ಬಲಬದಿಗೆ ಮಸಿಯ ಮಚ್ಚೆ. ನಾಲ್ಕನೆಯ ಅಂಗಡಿಯಲ್ಲಿ ಹೊರಬಂದ ಹಾಳೆಯ ಎಡಬದಿಯಲ್ಲಿ ಕಪ್ಪು ಗೆರೆ ಇಳಿದು, ಮೂರನೆಯ ಒಂದು ಭಾಗದಲ್ಲಿ ತುಂಡಾಗಿ, ಮತ್ತೆ ಮುಂದುವರಿದಿತ್ತು. ಅದನ್ನು ಹಿಡಿದು ನಾನು ಸುಮ್ಮನೆ ನಿಂತುಬಿಟ್ಟೆ.

ಗಲ್ಲೆಯಲ್ಲಿ ಕುಳಿತಿದ್ದ ಹಿರಿಯರು ಕನ್ನಡಕ ಏರಿಸಿ ನನ್ನನ್ನೇ ನೋಡುತ್ತಿದ್ದರು. “ಶನಿವಾರ ಸಾಯಂಕಾಲ ಬಂದಿದ್ರಲ್ಲ ಸಾರ್? ನಿಮ್ಮ ದಾರೀನೇ ನೋಡ್ತಾ ಇದೀನಿ” ಎಂದು ಮೇಜಿನ ಖಾನೆಯನ್ನು ಎಳೆದರು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ವಿಳಾಸ ನೋಡಿ, ಭಾನುವಾರ ಮೊಮ್ಮಗನನ್ನು ಹಲಸೂರಿಗೆ ಕಳಿಸಿದ್ದರಂತೆ. ಅದು ನಾವು ಸೋಮೇಶ್ವರ ದೇವಾಲಯದ ಹಿಂದೆ ಬಾಡಿಗೆಗಿದ್ದ ಕಾಲದ ವಿಳಾಸ. ಆ ಮನೆಯೇ ಈಗಿಲ್ಲ. ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ. ಹುಡುಗ ಅಕ್ಕಪಕ್ಕದಲ್ಲೆಲ್ಲ ನನ್ನ ಹೆಸರು ಕೇಳಿ ಬರಿಗೈಯಲ್ಲಿ ಮರಳಿದ್ದ. ವಿಳಾಸ ಬದಲಿಸಿಕೊಳ್ಳುವಂತೆ ಪತ್ನಿ ಎಷ್ಟೋ ಸಲ ಹೇಳಿದ್ದಳು.

ಖಾನೆಯಲ್ಲಿ ನನ್ನದೊಂದೇ ಇರಲಿಲ್ಲ. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಆಧಾರ್ ಕಾರ್ಡುಗಳು, ಒಂದು ಪಡಿತರ ಚೀಟಿ, ಮೂಲೆ ಮುದುರಿದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. “ಇವರೆಲ್ಲ ಬರಲಿಲ್ಲ ಸಾರ್” ಎಂದರು. ಹಣ ಕೊಡಹೋದರೆ ಬಿಳಿ ಹಾಳೆಯ ನಕಲಿಗೆ ಎರಡು ರೂಪಾಯಿ ಮಾತ್ರ ತೆಗೆದುಕೊಂಡರು.

ಅಂದು ರಾತ್ರಿ ಟಿನ್ ಫ್ಯಾಕ್ಟರಿಯ ಬಳಿ ಮಳೆಗೆ ವಾಹನಗಳು ಮುಕ್ಕಾಲು ಗಂಟೆ ನಿಂತವು. ಆದರೂ ವಿಮಾನ ತಪ್ಪಲಿಲ್ಲ. ಮೊಮ್ಮಗಳು ಹೇಳಿದ ದಿನಕ್ಕಿಂತ ಮೊದಲೇ ಬಂದಳು. ಅಡುಗೆ, ಆಸ್ಪತ್ರೆ, ರಾತ್ರಿಯ ಎಚ್ಚರಗಳ ನಡುವೆ ಎರಡೂವರೆ ತಿಂಗಳು ಸರಿದವು. ಸ್ಟ್ರಾಸ್‌ಬರ್ಗಿಗೆ ಹೋಗಲಾಗಲೇ ಇಲ್ಲ. ದುಬೈಯಲ್ಲಿ ನಾನು ಫಲಕಗಳ ನಡುವೆ ಗೊಂದಲಗೊಂಡು ನಿಂತಾಗ, ಕೈಚೀಲದಿಂದ ಆ ಚೀಟಿಯನ್ನು ತೆಗೆದು, ಕನ್ನಡ ಅಕ್ಷರದ ಇಂಗ್ಲಿಷನ್ನು ಸಿಬ್ಬಂದಿಯೊಬ್ಬಳ ಮುಂದೆ ಓದಿ, ದಾರಿ ಕೇಳಿಕೊಂಡು ಮುಂದೆ ನಡೆದವಳು ನನ್ನ ಪತ್ನಿ. ಎರಡೂ ಪಾಸ್‌ಪೋರ್ಟುಗಳು ಅವಳ ಕೈಯಲ್ಲೇ ಇದ್ದವು.