ಲಂಗ ಉಟ್ಟ ವಿಮಾನ

ನಮ್ಮ ಕಡೆಯ ಹೆಂಗಸರಷ್ಟು ಆಕಾಶ ನೋಡುವವರು ಬೇರೆಲ್ಲೂ ಇರಲಿಕ್ಕಿಲ್ಲ. ಪುತ್ತೂರು, ಸುಳ್ಯ, ಕಡಬ ಕಡೆಯ ಯಾವ ತೋಟದ ಮನೆಗೆ ಬೇಕಾದರೂ ಹೋಗಿ ನೋಡಿ. ಬೆಳಗ್ಗೆ ಎದ್ದವಳು ಅಂಗಳಕ್ಕೆ ಬಂದು ಮೊದಲು ಕತ್ತೆತ್ತುತ್ತಾಳೆ. ಭಕ್ತಿಯಿಂದಲ್ಲ. ಅಡಿಕೆ ಹರಡಬಹುದೇ, ಹಪ್ಪಳ ಒಣಗಿಸಬಹುದೇ, ಒಗೆದ ಬಟ್ಟೆ ಸಂಜೆಯೊಳಗೆ ಒಣಗೀತೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇರುತ್ತದೆ. ಕುಮಾರಪರ್ವತದ ತಲೆಯ ಮೇಲೆ ಮೋಡ ಕೂತಿತೆಂದರೆ ಸುಬ್ರಹ್ಮಣ್ಯದ ಕಡೆಯವರು ಅಂಗಳ ಖಾಲಿ ಮಾಡತೊಡಗುತ್ತಾರೆ. ಆದರೆ ಆಕಾಶವನ್ನು ನೋಡುವುದು ಬೇರೆ, ಅದರಲ್ಲಿ ಹಾರುವುದು ಬೇರೆ. ಹಾರುವುದು ನಮ್ಮ ಇಲಾಖೆಯಲ್ಲ ಎಂದು ನಾವೆಲ್ಲ ಸಮಾಧಾನವಾಗಿದ್ದೆವು.

ಆ ಸಮಾಧಾನವನ್ನು ಕೆಡಿಸಿದವಳು ನನ್ನ ತಂಗಿಯ ಮಗಳು. ತಂಗಿಯ ಮನೆ ಬೆಂಗಳೂರಿನ ಯಲಹಂಕದಲ್ಲಿ. ಅಲ್ಲಿನ ವಾಯುಪಡೆಯ ನೆಲೆಯಲ್ಲಿ 1996ರಿಂದ ‘ಏರೋ ಇಂಡಿಯಾ’ ವೈಮಾನಿಕ ಪ್ರದರ್ಶನ ನಡೆಯುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ. ಊರಿನವರಿಗೆ ಅದು ಹಬ್ಬ, ತಂಗಿಗೆ ಮಾತ್ರ ಉಪದ್ರ. ಕಿಟಕಿಯ ಗಾಜು ನಡುಗುತ್ತದೆ, ಕುಕ್ಕರ್ ಎಷ್ಟು ಸೀಟಿ ಹಾಕಿತೆಂದು ಲೆಕ್ಕ ಸಿಗುವುದಿಲ್ಲ. ಮಾಂಸದಂಗಡಿಯ ಕಸಕ್ಕೆ ಬರುವ ಹದ್ದುಗಳು ವಿಮಾನಕ್ಕೆ ಬಡಿದಾವೆಂದು ಸುತ್ತಲಿನ ಮಾಂಸದಂಗಡಿಗಳನ್ನೂ ಅಷ್ಟು ದಿನ ಮುಚ್ಚಿಸುತ್ತಾರೆ.

2023ರ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಹುಡುಗಿ ಒಂಬತ್ತನೆಯ ತರಗತಿ. ನಾನು ಬ್ಯಾಗು ಕೆಳಗಿಡುವ ಮೊದಲೇ ಒಂದು ಚಿತ್ರ ತಂದು ತೋರಿಸಿದಳು. ಸಮುದ್ರದ ಮೇಲೆ ಒಂದು ಯುದ್ಧವಿಮಾನ. ಅದರ ಸೊಂಟದ ಸುತ್ತ ಬೆಳ್ಳಗೆ, ದುಂಡಗೆ, ನೆರಿಗೆ ಬಿಚ್ಚಿದ ಹಾಗೆ ಏನೋ ಹರಡಿದೆ.

“ಇದೇನು ಮಾರಾಯ್ತಿ, ವಿಮಾನ ಲಂಗ ಉಟ್ಟಿದೆಯಲ್ಲ!” ಎಂದೆ.

ಅವಳು ಬಿದ್ದು ಬಿದ್ದು ನಕ್ಕಳು. 1999ರ ಜುಲೈ 7ರಂದು ಅಮೆರಿಕದ ನೌಕಾಪಡೆಯ ಜಾನ್ ಗೇ ಎಂಬವರು ಹಡಗಿನ ಮೇಲೆ ನಿಂತು ತೆಗೆದ ಪ್ರಸಿದ್ಧ ಚಿತ್ರವಂತೆ ಅದು. ವಿಮಾನದ ಹೆಸರು ಹಾರ್ನೆಟ್. ಲಂಗದ ಹೆಸರು ವೇಪರ್ ಕೋನ್, ಎಂದರೆ ಆವಿಯ ಶಂಕು. ವಿಮಾನ ಶಬ್ದದ ಗೋಡೆಯನ್ನು ಒಡೆಯುವಾಗ ಎದ್ದ ಧೂಳು ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ. ಶಬ್ದದ ವೇಗವನ್ನು ಮುಟ್ಟುವ ಮೊದಲೇ, ಅದರ ಹತ್ತಿರ ಹತ್ತಿರ ಇರುವಾಗಲೂ ಇದು ಕಾಣಿಸಿಕೊಳ್ಳುತ್ತದೆ.

ಕಾರಣ ತಿಳಿಯಲು ವಿಜ್ಞಾನದ ದೊಡ್ಡ ಪುಸ್ತಕ ಬೇಡ, ಒಂದು ತಣ್ಣನೆಯ ಸೋಡಾ ಬಾಟಲಿ ಸಾಕು. ಬಿರಡೆ ತೆಗೆದ ಕೂಡಲೆ ಕುತ್ತಿಗೆಯಲ್ಲಿ ತೆಳ್ಳಗೆ ಹೊಗೆಯಂಥದ್ದು ಕಾಣುತ್ತದಲ್ಲ? ಅದು ಹೊಗೆಯಲ್ಲ. ಒಳಗೆ ಒತ್ತಿ ತುಂಬಿದ್ದ ಗಾಳಿ ಒಮ್ಮೆಲೇ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ತಣ್ಣಗಾದಾಗ ಅದರೊಳಗಿನ ನೀರಿನ ಪಸೆ ಹನಿಹನಿಯಾಗಿ ಕಣ್ಣಿಗೆ ಬೀಳುತ್ತದೆ. ಅಷ್ಟು ವೇಗದಲ್ಲಿ ಹೋಗುವ ವಿಮಾನದ ಮೈಸುತ್ತ ಕೆಲವು ಕಡೆ ಗಾಳಿಯ ಒತ್ತಡ ಗಕ್ಕನೆ ಇಳಿಯುತ್ತದೆ, ಅಲ್ಲೂ ಇದೇ ಕಥೆ. ಒತ್ತಡ ಮತ್ತೆ ಸರಿಯಾದ ಕಡೆ ಹನಿಗಳು ಆವಿಯಾಗಿ ಮಾಯ. ಕುಮಾರಪರ್ವತದ ಮೋಡವೂ ಇದರ ಅಕ್ಕನೇ. ಕಡಲ ಕಡೆಯಿಂದ ಬಂದ ಗಾಳಿ ಘಟ್ಟ ಹತ್ತುವಾಗ ಹಿಗ್ಗಿ ತಣ್ಣಗಾಗಿ ಮೋಡವಾಗುತ್ತದೆ. ಘಟ್ಟ ನಿಧಾನವಾಗಿ ಮಾಡುವ ಕೆಲಸವನ್ನು ವಿಮಾನ ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ಆ ಬಿಳಿ ಲಂಗದ ಬಟ್ಟೆ ವಿಮಾನದ್ದಲ್ಲ, ಗಾಳಿಯಲ್ಲಿ ಮೊದಲೇ ಇದ್ದ ನೀರು.

ಹಾಗಾಗಿ ಲಂಗ ಕಾಣಬೇಕಾದರೆ ಗಾಳಿಯಲ್ಲಿ ಪಸೆ ಬೇಕು. ಸಮುದ್ರದ ಮೇಲೆ ಅದಕ್ಕೆ ಬರಗಾಲವಿಲ್ಲ. ಬೆಂಗಳೂರಿನ ಫೆಬ್ರವರಿಯ ಗಾಳಿಯೋ, ಕೈಕಾಲು ಒಡೆಯುವಷ್ಟು ಒಣ. ಅಲ್ಲಿ ಪೂರ್ತಿ ಲಂಗ ಕಾಣುವುದು ಅಪರೂಪ. ನಾನು ತಾರಸಿಯ ಮೇಲೆ ನಿಂತು ಕಂಡದ್ದು ಲಂಗವಲ್ಲ, ಸೆರಗು. ಬೆಳಗಿನ ಹೊತ್ತು ಒಂದು ವಿಮಾನ ಗಕ್ಕನೆ ಮಗ್ಗುಲು ತಿರುಗಿದಾಗ ರೆಕ್ಕೆಯ ಬೆನ್ನ ಮೇಲೆ ಬಿಳಿ ಸೆರಗೊಂದು ಹೊಳೆದು ಆರಿಹೋಯಿತು. “ದೊಡ್ಡಮ್ಮಾ, ನೋಡಿದಿರಾ?” ಎಂದು ಅವಳು ಕೇಳುವುದರೊಳಗೆ ವಿಮಾನವೇ ಇರಲಿಲ್ಲ.

ಇನ್ನೊಂದು ವಿಮಾನ ತಗ್ಗಿನಲ್ಲಿ ನೇರವಾಗಿ ಬಂತು. ಬಂತು ಎನ್ನುವುದಕ್ಕಿಂತ ಹೋಯಿತು ಎನ್ನಬೇಕು. ಬರುವಾಗ ಸದ್ದೇ ಇಲ್ಲ, ತಲೆಯ ಮೇಲಾದಾಗ ಎದೆಯೊಳಗೇ ಏನೋ ಬಿರಿದಂತಾಯಿತು. ಪುತ್ತೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಎಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರ ದೇವರ ಜಾತ್ರೆಯ ಬೆಡಿ ನೋಡಲು ಗುಡ್ಡದ ಮೇಲೆ ನಿಂತವರಿಗೆ ಗೊತ್ತು, ಬೆಳಕು ಮೊದಲು, ಸದ್ದು ಆಮೇಲೆ. ಸದ್ದು ಒಂದು ಕಿಲೋಮೀಟರು ನಡೆಯಲು ಸುಮಾರು 3 ಸೆಕೆಂಡು ಬೇಕು. ಈಗ ವಿಮಾನವೊಂದು ಗಂಟೆಗೆ 1,100 ಕಿ.ಮೀ. ವೇಗದಲ್ಲಿ ಬರುತ್ತಿದೆ ಎಂದಿಟ್ಟುಕೊಳ್ಳಿ. ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿಗೆ ಒಂದು ಗಂಟೆಯಾದರೆ ಇದಕ್ಕೆ ಎರಡೇ ನಿಮಿಷ. ಅದು ನಮ್ಮಿಂದ 3 ಕಿ.ಮೀ. ದೂರದಲ್ಲಿದ್ದಾಗ ಹೊರಟ ಸದ್ದು ನಮ್ಮ ಕಿವಿಗೆ ಬರಲು 9 ಸೆಕೆಂಡು, ವಿಮಾನವೇ ಬರಲು 10 ಸೆಕೆಂಡು. ದಾರಿಯುದ್ದಕ್ಕೂ ಮಾಡಿದ ಸದ್ದೆಲ್ಲ ಒಂದೇ ಸೆಕೆಂಡಿನಲ್ಲಿ ಒಟ್ಟಾಗಿ ಬಂದು ಬೀಳುತ್ತದೆ!

ಜನರ ತಲೆಯ ಮೇಲಿನ ಪ್ರದರ್ಶನಗಳಲ್ಲಿ ಶಬ್ದದ ವೇಗವನ್ನು ದಾಟುವುದಿಲ್ಲ, ಹತ್ತಿರ ಹೋಗಿ ನಿಲ್ಲಿಸುತ್ತಾರೆ. ದಾಟಿದರೆ ಏನಾಗುತ್ತದೆಂದು ಬೆಂಗಳೂರಿನವರಿಗೆ 2020ರ ಮೇ 20ರಂದು ಗೊತ್ತಾಯಿತು. ಲಾಕ್‌ಡೌನಿನ ಕಾಲ, ಮಧ್ಯಾಹ್ನದ ಊಟದ ಹೊತ್ತು. ಊರಿಗೆ ಊರೇ ಬೆಚ್ಚಿಬೀಳುವಂಥ ಸದ್ದು. ಭೂಕಂಪ ಎಂದರು, ಭೂಕಂಪವಲ್ಲವೆಂದು ಮಾಪಕಗಳು ಹೇಳಿದವು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆ ತಿಳಿಸಿತು: ಊರ ಹೊರಗೆ, ಬಹಳ ಎತ್ತರದಲ್ಲಿ ವಾಯುಪಡೆಯ ವಿಮಾನವೊಂದು ಶಬ್ದದ ವೇಗವನ್ನು ಮೀರಿ ಪರೀಕ್ಷಾ ಹಾರಾಟ ಮಾಡಿತ್ತು. ಆ ದಿನ ತಂಗಿ ನನಗೆ ಫೋನು ಮಾಡಿ, “ಅಕ್ಕಾ, ಅನ್ನದ ತಟ್ಟೆ ಬಿಟ್ಟು ಓಡಿದೆ” ಎಂದಿದ್ದಳು. ಮಗಳು ಮಾತ್ರ ತಾರಸಿಗೆ ಓಡಿದ್ದಳಂತೆ, ವಿಮಾನ ಕಂಡೀತೇ ಎಂದು.

ಪ್ರದರ್ಶನ ಮುಗಿದ ಮೇಲೆ ಅವಳು ನನ್ನನ್ನು ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಅಲ್ಲಿ ‘ಮರುತ್’ ಇದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ ವಿಮಾನ. ಶಬ್ದದ ವೇಗವನ್ನು ಮೀರಬೇಕೆಂದೇ ಕಟ್ಟಿದ್ದು. ಅದಕ್ಕೆ ತಕ್ಕ ಎಂಜಿನ್ ಮಾತ್ರ ಕೊನೆಗೂ ಒದಗಲಿಲ್ಲ, ನೇರ ಹಾರಾಟದಲ್ಲಿ ಆ ಗೆರೆಯ ಈಚೆಗೇ ಉಳಿಯಿತು. ಅದನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಅದರದೇ ಸುಧಾರಿತ ಮಾದರಿಯ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. ಆ ದಾರಿಯಲ್ಲಿ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೆ! ಯಾರ ಹೆಸರೆಂದು ಅವತ್ತು ತಿಳಿಯಿತು. ಮುಂದೆ ಬೆಂಗಳೂರಿನದೇ ‘ತೇಜಸ್’ 2003ರ ಆಗಸ್ಟ್ 1ರಂದು ಆ ಗೆರೆಯನ್ನು ದಾಟಿತು. ಇದನ್ನೆಲ್ಲ ಹುಡುಗಿ ಬಾಯಿಪಾಠವಾಗಿ ಹೇಳುತ್ತಿದ್ದಳು. ಗಣಿತದ ಮಗ್ಗಿಯನ್ನು ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಆ ರಾತ್ರಿ ಅಡುಗೆಮನೆಯಲ್ಲಿ ತಂಗಿ ಬಾಗಿಲು ಓರೆ ಮಾಡಿ ಹೇಳಿದಳು, “ಅಕ್ಕಾ, ಅವಳಿಗೆ ವಾಯುಪಡೆಗೆ ಸೇರಬೇಕಂತೆ. ಫೈಟರ್ ವಿಮಾನವೇ ಹಾರಿಸಬೇಕಂತೆ. ನನ್ನ ಮಾತು ಕೇಳುವುದಿಲ್ಲ, ನಿನ್ನ ಮಾತು ಕೇಳುತ್ತಾಳೆ. ಬೇಡ ಅಂತ ಹೇಳು.”

ತಂಗಿಯ ಹೆದರಿಕೆಗೆ ಕಾರಣವಿದೆ. 2019ರ ಫೆಬ್ರವರಿ 19ರಂದು, ಪ್ರದರ್ಶನ ಆರಂಭವಾಗುವ ಮುನ್ನಾದಿನ, ಯಲಹಂಕದಲ್ಲಿ ತಾಲೀಮು ಮಾಡುತ್ತಿದ್ದ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಆಕಾಶದಲ್ಲೇ ಒಂದಕ್ಕೊಂದು ತಾಗಿ ಬಿದ್ದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು, ಇನ್ನಿಬ್ಬರು ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ಬೆಳಗ್ಗೆ ತಿಂಡಿ ತಿಂದು ಹೊರಟ ಮನುಷ್ಯ. ಅವರ ಮನೆಯಲ್ಲೂ ಒಬ್ಬ ತಾಯಿ ಇದ್ದಿರಬಹುದು, ಒಂದು ತಟ್ಟೆ ಕಾದಿರಬಹುದು.

ಮರುದಿನ ನಾನು ಹುಡುಗಿಯ ಹತ್ತಿರ ಆ ವಿಷಯ ಎತ್ತಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಗೊತ್ತು ದೊಡ್ಡಮ್ಮ. ಆಗ ನಾನು ಐದನೇ ಕ್ಲಾಸು. ಶಾಲೆಯ ಅಂಗಳದಿಂದ ಹೊಗೆ ಕಾಣುತ್ತಿತ್ತು. ಮರುದಿನ ಪ್ರದರ್ಶನವೂ ಶುರುವಾಯಿತು. ಎರಡನ್ನೂ ನೋಡಿದ್ದೇನೆ” ಎಂದಳು. ತಿಳಿಯದ ಮಗುವಾದರೆ ಹೆದರಿಸಬಹುದಿತ್ತು. ತಿಳಿದು ಹೇಳುವವಳ ಎದುರು ಏನು ಹೇಳುವುದು?

ನನಗೆ ನೆನಪಾದದ್ದು ನಮ್ಮ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತುವವರನ್ನು ನಾವೆಲ್ಲ ನೋಡಿದವರೇ. ಪಾಚಿಗಟ್ಟಿದ ಮರ, ಐವತ್ತು ಅರುವತ್ತು ಅಡಿ ಎತ್ತರ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ಹಿಡಿದು ದಾಟುವುದು. ಬಿದ್ದವರಿದ್ದಾರೆ, ಎದ್ದೇಳದವರೂ ಇದ್ದಾರೆ. ಮನೆಯಲ್ಲಿ ಅವರ ಹೆಂಡತಿ ಗಂಜಿಗೆ ನೀರಿಟ್ಟು ಕಿವಿಯನ್ನು ತೋಟದಲ್ಲಿಟ್ಟಿರುತ್ತಾಳೆ. ಅವಳು ‘ಹತ್ತಬೇಡ’ ಎಂದದ್ದನ್ನು ನಾನು ಕೇಳಿಲ್ಲ. ‘ಹಗ್ಗ ಸರಿಯಾಗಿ ಕಟ್ಟಿಕೊಳ್ಳಿ’ ಎಂದದ್ದನ್ನು ಕೇಳಿದ್ದೇನೆ. ಅಪಾಯದ ಕೆಲಸ ನಮ್ಮ ಮನೆಗಳಿಗೆ ಹೊಸತಲ್ಲ. ಹೆಣ್ಣುಮಗಳು ಅದನ್ನು ತಾನಾಗಿ ಆರಿಸಿಕೊಂಡದ್ದು ಮಾತ್ರ ಹೊಸತು.

ಅದೂ ತೀರಾ ಹೊಸತೇನಲ್ಲ. ಬಡತನದಲ್ಲಿ ಬೆಳೆದು, ಬ್ಯೂಟಿ ಪಾರ್ಲರಿನಲ್ಲಿ ದುಡಿದು, ಸೌಂದರ್ಯ ಸಾಧನಗಳ ಕಂಪೆನಿ ಕಟ್ಟಿದ ಅಮೆರಿಕದ ಜಾಕ್ವೆಲಿನ್ ಕಾಕ್ರನ್ ಎಂಬಾಕೆ 1953ರ ಮೇ 18ರಂದೇ ಶಬ್ದದ ವೇಗವನ್ನು ದಾಟಿದಳು, ಹಾಗೆ ದಾಟಿದ ಮೊದಲ ಹೆಂಗಸು. ನಮ್ಮ ವಾಯುಪಡೆಗೆ 2016ರಲ್ಲಿ ಸೇರಿದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಲ್ಲಿ ಒಬ್ಬರಾದ ಅವನಿ ಚತುರ್ವೇದಿ ಪಳಗಿದ್ದು ನಮ್ಮ ಬೀದರಿನಲ್ಲಿ. 2018ರ ಫೆಬ್ರವರಿ 19ರಂದು ಅವರು ಮಿಗ್-21 ಬೈಸನ್ ವಿಮಾನವನ್ನು ಒಬ್ಬರೇ ಹಾರಿಸಿದರು. ಪುಣೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ 2025ರ ಮೇ 30ರಂದು ಮೊದಲ ತಂಡದ 17 ಹುಡುಗಿಯರು ತೇರ್ಗಡೆಯಾಗಿ ಹೊರಬಂದರು.

ತಂಗಿಗೆ ಹೇಳಿದೆ: “ಬೇಡ ಎನ್ನುವ ಮಾತು ನನ್ನಿಂದ ಬರಲಿಕ್ಕಿಲ್ಲ. ನಿನ್ನ ಹೆದರಿಕೆಯನ್ನು ಅವಳಿಂದ ಮುಚ್ಚಿಡಬೇಡ, ಹೇಳು. ಅವಳ ಆಸೆಯನ್ನೂ ಕೇಳು. ಹಗ್ಗ ಸರಿಯಾಗಿ ಕಟ್ಟಿಕೊಳ್ಳಲು ಕಲಿಸುವವರು ಅಲ್ಲಿದ್ದಾರೆ.” ತಂಗಿ ಉತ್ತರ ಕೊಡಲಿಲ್ಲ. ಪಾತ್ರೆ ತೊಳೆಯುವ ಸದ್ದು ಮಾತ್ರ ತುಸು ಜೋರಾಯಿತು. ಆ ವರ್ಷವಿಡೀ ಅವಳು ನನ್ನ ಹತ್ತಿರ ಅಷ್ಟಕ್ಕಷ್ಟೇ.

ಹುಡುಗಿ ಈಗ ಪಿಯುಸಿ. ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಪಾಸಾಗುತ್ತಾಳೋ ಇಲ್ಲವೋ ದೇವರೇ ಬಲ್ಲ, ಸಾವಿರಾರು ಮಕ್ಕಳು ಬರೆಯುವ ಪರೀಕ್ಷೆ. ಮೊನ್ನೆ ತಂಗಿಯ ಫೋನು ಬಂತು. ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು, “ಅಕ್ಕಾ, ಪೈಲಟ್ ಆಗುವವರಿಗೆ ಕಣ್ಣು ಬಹಳ ಚೆನ್ನಾಗಿರಬೇಕಂತೆ. ನಿನ್ನ ಹಿತ್ತಿಲಲ್ಲಿ ನುಗ್ಗೆಸೊಪ್ಪು ಧಾರಾಳ ಉಂಟಲ್ಲ, ಬರುವವರ ಕೈಯಲ್ಲಿ ಒಂದು ಕಟ್ಟು ಕಳಿಸುತ್ತೀಯಾ?”

ಎರಡು ಕಟ್ಟು ಕಳಿಸಿದೆ.