ಕಟ್ಟಡ ಮತ್ತು ಅಂಗಳ

ವಿದ್ಯಾಸಂಸ್ಥೆಯೊಂದರಲ್ಲಿ ಹೊಸ ಕಟ್ಟಡ ಮೇಲೇಳುವುದು ಸರ್ವರಿಗೂ ಸಂತೋಷದ ಸಂಗತಿಯೇ ಸರಿ. ಶಂಕುಸ್ಥಾಪನೆಯ ದಿನ ತಳಿರುತೋರಣ ಕಟ್ಟುತ್ತಾರೆ, ದಾನಿಗಳನ್ನು ಸನ್ಮಾನಿಸುತ್ತಾರೆ, ಗೋಡೆ ಎಷ್ಟು ಎತ್ತರಕ್ಕೆ ಬಂದಿತೆಂದು ಊರಿನವರು ಹೋಗುತ್ತಾ ಬರುತ್ತಾ ನೋಡುತ್ತಾರೆ. ಆದರೆ ಆ ಗೋಡೆಗಾಗಿ ಬಿಟ್ಟುಕೊಟ್ಟ ಅಂಗಳ ಅಷ್ಟು ಸುಲಭವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಹೋದುದನ್ನು ಮೊಟ್ಟಮೊದಲು ಅರಿಯುವವರು ದೂರದ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು. ಬೈಸಿಕಲ್ಲನ್ನೋ ಮೊಪೆಡ್ಡನ್ನೋ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಹೊರಗಿನವರಿಗೆ ಕ್ಷುಲ್ಲಕವೆಂದು ತೋರಬಹುದು. ಪಾಠದ ಗಂಟೆ ಬಾರಿಸಲು ಐದೇ ನಿಮಿಷ ಉಳಿದಿರುವವನಿಗೆ ಅದು ಕ್ಷುಲ್ಲಕವಲ್ಲ.

ಚಾಮರಾಜನಗರದ ಕಾಲೇಜೊಂದರಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಹಿರಿಯ ಅಧ್ಯಾಪಕರೊಬ್ಬರಿಗೆ ಈ ಪ್ರಶ್ನೆ 2018ರ ಮಳೆಗಾಲದಲ್ಲಿ ಎದುರಾಯಿತು. ಆ ವರ್ಷ ಅಲ್ಲಿ ಹೊಸ ತರಗತಿಗಳ ನಿರ್ಮಾಣ ಆರಂಭವಾಗಿತ್ತು. ಕಟ್ಟಡ ನಿಲ್ಲುವ ನೆಲಕ್ಕಿಂತ ಅದರ ಸಾಮಗ್ರಿ ನಿಲ್ಲುವ ನೆಲವೇ ದೊಡ್ಡದೆಂಬುದು ಕಟ್ಟಿಸಿದವರಿಗೆಲ್ಲ ತಿಳಿದ ವಿಷಯ. ಜಲ್ಲಿಯ ರಾಶಿ, ಮರಳಿನ ರಾಶಿ, ಕಬ್ಬಿಣದ ಸರಳುಗಳು, ಸಿಮೆಂಟಿಡುವ ತಗಡಿನ ಷೆಡ್ಡು, ನೀರಿನ ತೊಟ್ಟಿ, ಇವುಗಳ ನಡುವೆ ಲಾರಿ ತಿರುಗಲು ದಾರಿ. ತಾರಸಿ ಹಾಕಿದ ಮೇಲೆ ಸೆಂಟ್ರಿಂಗ್ ಬಿಚ್ಚಲು ಎರಡು ಮೂರು ವಾರ ಕಾಯಬೇಕು. ಬಿಚ್ಚಿದ ಹಲಗೆಗಳಿಗೆ ಮತ್ತಷ್ಟು ಜಾಗ ಬೇಕು. ಹೀಗೆ ತಿಂಗಳೊಪ್ಪತ್ತಿನೊಳಗೆ ವಿದ್ಯಾರ್ಥಿಗಳು ಗಾಡಿ ನಿಲ್ಲಿಸುತ್ತಿದ್ದ ಅಂಗಳದಲ್ಲಿ ಒಂದು ಪಟ್ಟಿಯಷ್ಟು ನೆಲ ಮಾತ್ರ ಉಳಿಯಿತು.

ಚಾಮರಾಜನಗರ 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಯಿತು. ಮೈಸೂರು, ನಂಜನಗೂಡುಗಳ ಕಡೆಯಿಂದ ಬರುವ ರೈಲುಮಾರ್ಗ ಇಲ್ಲಿಗೇ ಮುಗಿಯುತ್ತದೆ. ಗುಂಡ್ಲುಪೇಟೆಯ ಕಡೆಗೆ ರೈಲಿಲ್ಲ. ತೆರಕಣಾಂಬಿಯ ಮೇಲೆ ಹಾದುಹೋಗುವ ಸುಮಾರು 35 ಕಿ.ಮೀ. ರಸ್ತೆಯೇ ಎರಡು ಪಟ್ಟಣಗಳ ನಡುವಿನ ಕೊಂಡಿ. ಇಕ್ಕೆಲದ ಹಳ್ಳಿಗಳಿಂದ ಓದಲು ಬರುವವರು ಬಸ್ಸನ್ನು ನಂಬಬೇಕು, ಇಲ್ಲವೇ ಮನೆಯ ಗಾಡಿಯನ್ನು ನಂಬಬೇಕು. ಆ ಗಾಡಿಯಾದರೂ ವಿದ್ಯಾರ್ಥಿಯ ವಿಲಾಸಕ್ಕೆ ಕೊಂಡದ್ದಲ್ಲ. 1972ರಲ್ಲಿ ಲೂನಾ, 1980ರಲ್ಲಿ ಟಿವಿಎಸ್ 50 ಮಾರುಕಟ್ಟೆಗೆ ಬಂದಂದಿನಿಂದ ಮೊಪೆಡ್ಡೆಂಬುದು ಈ ಸೀಮೆಯ ರೈತನಿಗೆ ಮತ್ತೊಂದು ಜೊತೆ ಎತ್ತಿನಂತೆ ದುಡಿದಿದೆ. ಬೆಳಿಗ್ಗೆ ಹಾಲಿನ ಕ್ಯಾನು, ಸಂಜೆ ಚೆಂಡುಹೂವಿನ ಮೂಟೆ. ನಡುವಿನ ಬಿಡುವಿನಲ್ಲಿ ಮಗನ ಅಥವಾ ಮಗಳ ಓದು.

ಅಂತಹ ಮನೆಯೊಂದರಿಂದ ಬರುತ್ತಿದ್ದವಳು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ತೆರಕಣಾಂಬಿಯ ಸಮೀಪದ ಹಳ್ಳಿ. ಹಸು ಕರೆದು, ಡೇರಿಗೆ ಹಾಲು ಹಾಕಿ ತಂದೆ ಹಿಂದಿರುಗುವವರೆಗೆ ಮೊಪೆಡ್ಡು ಅವಳ ಕೈಗೆ ಬರುತ್ತಿರಲಿಲ್ಲ. ಅವಳು ಕಾಲೇಜು ಮುಟ್ಟುವ ವೇಳೆಗೆ ಪಟ್ಟಣದಲ್ಲೇ ಇರುವವರ ಗಾಡಿಗಳು ಇದ್ದ ಜಾಗವನ್ನೆಲ್ಲ ತುಂಬಿರುತ್ತಿದ್ದವು. ಹೊರಗೆ ರಸ್ತೆಯ ಬದಿಯಲ್ಲಿ ನಿಲ್ಲಿಸಿದಾಗ ಒಂದು ದಿನ ಪೆಟ್ರೋಲು ಹೋಯಿತು, ಇನ್ನೊಂದು ದಿನ ಕನ್ನಡಿ ಒಡೆಯಿತು. ಅಂದಿನಿಂದ ಅವಳು ದೂರದ ಪರಿಚಿತರ ಮನೆಯ ಮುಂದೆ ಗಾಡಿ ನಿಲ್ಲಿಸಿ ನಡೆದುಬರತೊಡಗಿದಳು. ಮೊದಲನೆಯ ಅವಧಿಯ ಹಾಜರಿ ದಿನದಿನಕ್ಕೆ ತಪ್ಪತೊಡಗಿತು. ಶೇ. 75ರಷ್ಟು ಹಾಜರಿಯಿಲ್ಲದವರಿಗೆ ಪರೀಕ್ಷೆಗೆ ಕೂರುವ ಅವಕಾಶವಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದಿನ ಸೊನ್ನೆಗಳನ್ನು ಕಂಡ ಅಧ್ಯಾಪಕರು ಕರೆದು ಗದರಿಸಿದರು.

"ಸಾರ್, ಗಾಡಿ ನಿಲ್ಲಿಸೋಕೆ ಹೋದ್ರೆ ಹಾಜರಿ ಹೋಗುತ್ತೆ, ಹಾಜರಿಗೆ ಬಂದ್ರೆ ಗಾಡಿ ಹೋಗುತ್ತೆ. ಗಾಡಿಗೇನಾದ್ರೂ ಆದ್ರೆ ಅಪ್ಪ ಓದು ಸಾಕು ಅಂತಾರೆ" ಎಂದಳು ಹುಡುಗಿ.

ಅಧ್ಯಾಪಕರು ಮರುಮಾತಾಡಲಿಲ್ಲ. ಸುಮಾರು ನಲವತ್ತು ವರ್ಷಗಳ ಹಿಂದಿನ ಒಂದು ಬೆಳಗು ಅವರ ನೆನಪಿಗೆ ಬಂದಿತ್ತು.

ಆಗ ಅವರು ಗುಂಡ್ಲುಪೇಟೆಯ ಪ್ರೌಢಶಾಲೆಯೊಂದರಲ್ಲಿ ಓದುತ್ತಿದ್ದ, ಹಂಗಳದ ಕಡೆಯ ಹಳ್ಳಿಯ ಹುಡುಗ. ಏರಿ ಬರುತ್ತಿದ್ದುದು ಸೋದರಮಾವನ ಹಳೆಯ ಬೈಸಿಕಲ್ಲು. ಶಾಲೆಗೆ ಎರಡು ಕೊಠಡಿಗಳನ್ನು ಸೇರಿಸುವ ಕೆಲಸ ಹಿಡಿದಾಗ ಬೈಸಿಕಲ್ಲುಗಳೆಲ್ಲ ಕಾಂಪೌಂಡಿನ ಹೊರಗಾದವು. ಗುಂಡ್ಲುಪೇಟೆಯಾದರೋ ಉದಕಮಂಡಲದ ಹೆದ್ದಾರಿಯೂ ಸುಲ್ತಾನ್ ಬತೇರಿಯ ಮೂಲಕ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿಯೂ ಕವಲೊಡೆಯುವ ಊರು. ರಸ್ತೆಯಲ್ಲಿ ಬಿಟ್ಟ ವಸ್ತುವಿಗೆ ಯಾರು ಹೊಣೆ? ಒಂದು ಸಂಜೆ ಬಂದು ನೋಡಿದರೆ ಡೈನಮೋ ಇರಲಿಲ್ಲ. ಮಾವನಿಗೆ ಹೆದರಿ ಹುಡುಗ ಮೂರು ದಿನ ಶಾಲೆಯ ಕಡೆ ತಲೆಹಾಕಲಿಲ್ಲ. ನಾಲ್ಕನೆಯ ದಿನ, ಬಸ್ ನಿಲ್ದಾಣದ ಬಳಿ ಬೈಸಿಕಲ್ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರು ಪಂಕ್ಚರ್ ಹಾಕುತ್ತಾ ವಿಷಯ ಕೇಳಿ ತಿಳಿದರು. ಗಾಡಿಯನ್ನು ಒಳಗೆ ತಳ್ಳಿ, ಗೋಡೆಗೆ ಒರಗಿಸಿದರು.

"ಹೋಗ್ಲಾ ಮಗ, ಇಸ್ಕೂಲ್ಗೆ ಹೊತ್ತಾಯ್ತದೆ. ಗಾಡಿ ಇಲ್ಲೇ ಇರ್ತದೆ" ಎಂದರು.

ಆ ವರ್ಷವೆಲ್ಲ ಬೈಸಿಕಲ್ಲು ಅಲ್ಲಿಯೇ ನಿಂತಿತು. ಆ ವೃದ್ಧರು ಒಂದು ಕಾಸನ್ನೂ ಕೇಳಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿದ. ತಾನು ಅಧ್ಯಾಪಕನಾದುದಕ್ಕೆ ಯಾರು ಯಾರು ಕಾರಣರೆಂದು ಎಣಿಸುವಾಗ ಅವರು ಗುರುಗಳ ಹೆಸರಿನೊಡನೆ ಆ ವೃದ್ಧರನ್ನೂ ನೆನೆಯುತ್ತಿದ್ದರು.

ಮರುವಾರ ವಿದ್ಯಾರ್ಥಿಗಳು ಪ್ರಾಂಶುಪಾಲರಿಗೆ ಮನವಿ ಸಲ್ಲಿಸಿದರು. ಅಧ್ಯಾಪಕರ ಸಭೆಯಲ್ಲಿ ಅದು ಚರ್ಚೆಗೆ ಬಂದಿತು. ಮೊದಲು ಬಂದವರಿಗೆ ಮೊದಲು ಜಾಗವೆಂಬ ಪದ್ಧತಿ ನ್ಯಾಯವಾದುದೇ ಎಂದು ಕೆಲವರು ಹೇಳಿದರು. ಕಟ್ಟಡ ಮುಗಿಯುವವರೆಗೆ ಎಲ್ಲರೂ ಸಹಿಸಿಕೊಳ್ಳಲಿ ಎಂದರು ಮತ್ತೆ ಕೆಲವರು. ಆಗ ಹಿರಿಯ ಅಧ್ಯಾಪಕರು ಎದ್ದು, ಮೊದಲು ಬರುವವನು ಸಮೀಪದವನು, ಕಡೆಗೆ ಬರುವವನು ದೂರದವನು. ಈ ಪದ್ಧತಿಯಿಂದ ಜಾಗವು ಯಾರಿಗೆ ಅಗತ್ಯವೋ ಅವರಿಗೆ ತಪ್ಪಿ, ನಡೆದೇ ಬರಬಹುದಾದವರಿಗೆ ದೊರೆಯುತ್ತದೆಂದು ಸಮಾಧಾನದಿಂದ ವಿವರಿಸಿದರು. ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ನೆಲ ಬೇಕು. ಅಷ್ಟೇ ನೆಲದಲ್ಲಿ ಆರು ಮೊಪೆಡ್ಡುಗಳು ನಿಲ್ಲುತ್ತವೆ. ಹುಣಸೆಮರದ ನೆರಳಿನಲ್ಲಿ ಆಗ ನಿಲ್ಲುತ್ತಿದ್ದುವು ಅಧ್ಯಾಪಕರ ಎಂಟು ಕಾರುಗಳು.

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಉದಾಹರಣೆಯನ್ನೂ ಅವರು ಕೊಟ್ಟರು. ಅಲ್ಲಿ ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲಿಯೇ ನಿಲ್ಲಿಸಿ, ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗುವ ಏರ್ಪಾಡಿದೆ. ಸಿರಿವಂತನ ಕಾರೂ ಒಕ್ಕಲಿನವನ ಮೊಪೆಡ್ಡೂ ಅಲ್ಲಿ ಒಂದೇ ಬುಡದಲ್ಲಿ ನಿಲ್ಲುತ್ತವೆ. ದರ್ಶನಕ್ಕೆ ಇದರಿಂದ ಯಾರಿಗೂ ಕೊರತೆಯಾಗಿಲ್ಲ. ಹೀಗೆ ಹೇಳಿ, ಮರುದಿನ ತಮ್ಮ ಕಾರನ್ನು ಮನೆಯಲ್ಲಿಯೇ ಬಿಟ್ಟು ನಡೆದುಬಂದರು.

ಪ್ರಾಂಶುಪಾಲರು ವಿವೇಕಿಗಳು. ಹುಣಸೆಮರದ ನೆರಳು ವಿದ್ಯಾರ್ಥಿಗಳಿಗೆ ದೊರೆಯಿತು. ಕ್ರೀಡಾದಿನದಂದು ಓಟದ ಗೆರೆಗಳನ್ನು ಎಳೆಯುವಂತೆ ರಾಷ್ಟ್ರೀಯ ಸೇವಾ ಯೋಜನೆಯ ಹುಡುಗರು ಸುಣ್ಣದ ಪುಡಿಯಿಂದ ಸಾಲುಗಳನ್ನು ಗುರುತಿಸಿದರು. ಹದಿನೈದು ಕಿ.ಮೀ.ಗಿಂತ ದೂರದಿಂದ ಬರುವವರಿಗೆ ಗಂಟೆ ಬಾರಿಸುವವರೆಗೆ ಆ ಸಾಲುಗಳನ್ನು ಕಾದಿರಿಸಲಾಯಿತು. ಎಲ್ಲವೂ ಸುಸೂತ್ರವಾಯಿತೆಂದೇನೂ ಅಲ್ಲ. ಮಳೆ ಬಂದಾಗ ಸುಣ್ಣ ಕರಗಿತು. ಪಟ್ಟಣದ ಹುಡುಗರಲ್ಲಿ ಕೆಲವರು ಗೊಣಗಿದರು. ಅಧ್ಯಾಪಕರಲ್ಲಿ ಒಬ್ಬಿಬ್ಬರು ಬಹಳ ದಿನ ಮುಖ ಗಂಟಿಕ್ಕಿಕೊಂಡಿದ್ದರು. ಆದರೆ ಆ ಹುಡುಗಿಯ ಹೆಸರಿನ ಮುಂದೆ ಸೊನ್ನೆಗಳು ನಿಂತವು. ಹಾಜರಿ ಹೇಗೋ ಶೇ. 75ನ್ನು ದಾಟಿತು, ಅವಳು ಪರೀಕ್ಷೆಗೆ ಕುಳಿತಳು.

ಅನಂತರದ ವರ್ಷಗಳಲ್ಲಿ ಕಾಲ ಬಹಳಷ್ಟು ಬದಲಾಗಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ, ವಯಸ್ಸಿಗೆ ಬಾರದ ಮಕ್ಕಳು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ವಾಹನದ ಮಾಲೀಕರಿಗೋ 25,000 ರೂಪಾಯಿ ದಂಡವನ್ನೂ ಮೂರು ವರ್ಷದವರೆಗೆ ಸೆರೆವಾಸವನ್ನೂ ವಿಧಿಸಬಹುದು. ಹದಿನೆಂಟು ತುಂಬದವರಿಗೆ ಜಾಗ ಒದಗಿಸುವಾಗ ಸಂಸ್ಥೆಗಳು ಇದನ್ನು ಮರೆಯಬಾರದು. ಅವರಿಗೆ ಬೈಸಿಕಲ್ಲೇ ಯೋಗ್ಯ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ಲು ಕೊಡಲಾರಂಭಿಸಿದಾಗ, ಅವನ್ನು ನಿಲ್ಲಿಸುವ ನೆಲದ ಪ್ರಶ್ನೆಯೂ ಶಾಲೆಗಳ ಮುಂದೆ ಬಂದು ನಿಂತಿತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಆದರೂ ಬಸ್ಸು ಊರೊಳಗೆ ಬಾರದ ಹಳ್ಳಿ, ಬಂದರೂ ಪಾಠದ ವೇಳೆಗೆ ಹೊಂದದ ಬಸ್ಸು ಇರುವವರೆಗೆ ಮನೆಯ ಗಾಡಿಯ ಅಗತ್ಯ ತಪ್ಪುವುದಿಲ್ಲ.

ಹಾಲೆಂಡ್ ದೇಶದ ಉಟ್ರೆಕ್ಟ್ ನಗರದಲ್ಲಿ ರೈಲು ನಿಲ್ದಾಣದ ಬಳಿ 12,500 ಬೈಸಿಕಲ್ಲುಗಳನ್ನು ನಿಲ್ಲಿಸುವ ಕಟ್ಟಡ 2019ರಲ್ಲಿ ಪೂರ್ಣವಾಯಿತು. ಸಂಪನ್ನ ದೇಶವೊಂದು ಬೈಸಿಕಲ್ಲಿಗಾಗಿ ಕಟ್ಟಡವನ್ನೇ ಕಟ್ಟಿಸಿತು. ನಮ್ಮಲ್ಲಿ ಅಷ್ಟು ಬೇಡ. ಒಂದು ತಗಡಿನ ಚಾವಣಿ, ಒಂದು ದೀಪ, ಒಬ್ಬ ಕಾವಲುಗಾರ ಸಾಕು. ಕೊಠಡಿಗೆ, ಸಭಾಂಗಣಕ್ಕೆ, ಕುಡಿಯುವ ನೀರಿನ ತೊಟ್ಟಿಗೆ ತಂದೆತಾಯಿಯರ ಸ್ಮರಣಾರ್ಥ ಶಿಲಾಫಲಕ ಹಾಕಿಸಿದ ದಾನಿಗಳು ಅನೇಕರುಂಟು. ಬೈಸಿಕಲ್ ಸ್ಟ್ಯಾಂಡಿಗೆ ಫಲಕ ಹಾಕಿಸಿದವರು ವಿರಳ. ಕಟ್ಟಡದ ನಕ್ಷೆ ಬರೆಸುವಾಗ ಸಾಮಗ್ರಿಗೆಷ್ಟು ಜಾಗ, ಮಕ್ಕಳ ಗಾಡಿಗಳಿಗೆಷ್ಟು ಜಾಗವೆಂದು ಮೊದಲೇ ಗೆರೆ ಎಳೆದರೆ ಅದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು.

ಆ ಹಿರಿಯ ಅಧ್ಯಾಪಕರು ಈಗ ನಿವೃತ್ತರು. ಹೊಸ ಕಟ್ಟಡ ಪೂರ್ಣವಾಗಿ, ಅದರ ಹಿಂಬದಿಯಲ್ಲಿ ಚಾವಣಿಯುಳ್ಳ ಸ್ಟ್ಯಾಂಡೂ ಆಗಿದೆ. ಅದನ್ನು ಕಟ್ಟಿಸಲು ಅವರು ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪಾಲು ಕೊಟ್ಟರು. ಫಲಕ ಬೇಡವೆಂದರು. ಬಹಳ ಒತ್ತಾಯಿಸಿ ಯಾರ ನೆನಪಿಗೆಂದು ಕೇಳಿದಾಗ, ಗುಂಡ್ಲುಪೇಟೆಯ ಬಸ್ ನಿಲ್ದಾಣದ ಬಳಿ ರಿಪೇರಿ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ನೆನಪಿಗೆ ಎಂದರು. ಅವರ ಹೆಸರನ್ನು ಹುಡುಗನಾಗಿದ್ದಾಗ ಕೇಳಿ ತಿಳಿಯಲಿಲ್ಲವಲ್ಲಾ ಎಂದು ಮರುಗಿದರು.